ಗೊತ್ತಾಗದೆ ಬಂದು ಹೋಗಿತ್ತಾ?

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಡೊಂಬಿವಲಿಯ ಗೆಳತಿ ಇಡ್ಲಿ ಮುರಿಯುತ್ತಾ ಕೂತಿದ್ದಳು. ತಿನ್ನುತ್ತಿರಲಿಲ್ಲ. ಗರ್ಭಕೋಶದ ಎರಡೂ ಟ್ಯೂಬ್ (ಗರ್ಭನಾಳ) ಬ್ಲಾಕ್ ಆಗಿದೆ ಎಂದು ರಿಪೋರ್ಟ್ ಬಂದಿತ್ತು. "ಹಿಂದೆ ಯಾವಾಗಲಾದ್ರೂ ಇನ್ಫೆಕ್ಷನ್ ಆಗಿತ್ತಾ?" ಎಂದು ಡಾಕ್ಟರು ಕೇಳಿದ್ದರಂತೆ. ಅವರ ಪಾಲಿಗೆ ಅದು ಮಾಮೂಲಿ ಪ್ರಶ್ನೆ. ಇವಳಿಗೆ ಅಂದಿನಿಂದ ನಿದ್ದೆಯಿಲ್ಲ. "ಅತ್ತೆ ಕೇಳಿದ್ರೆ ಏನು ಹೇಳಲಿ ಅಕ್ಕಾ?"

ಇನ್ಫೆಕ್ಷನ್ ಅಂದರೆ ಗುಪ್ತರೋಗ ಅಂದುಕೊಂಡಾರು ಅನ್ನುವ ಈ ಭಯ ಇವಳೊಬ್ಬಳದಲ್ಲ, ಈ ಊರಿನಲ್ಲಿ ಅದಕ್ಕೆ ನೂರೈವತ್ತು ವರ್ಷ. ಸಿಪಾಯಿಗಳಿಗೆ ಗುಪ್ತರೋಗ ಜಾಸ್ತಿಯಾಯಿತೆಂದು ಬ್ರಿಟಿಷರು 1868ರಲ್ಲಿ ಒಂದು ಕಾಯ್ದೆ ತಂದರು. 1870ರಲ್ಲಿ ಅದು ಮುಂಬೈಗೂ ಬಂತು. ವೇಶ್ಯೆಯರು ಹೆಸರು ಬರೆಸಬೇಕು, ಆಗಾಗ ತಪಾಸಣೆಗೆ ಮೈ ಒಡ್ಡಬೇಕು, ರೋಗ ಕಂಡರೆ ಗುಪ್ತರೋಗಕ್ಕೆಂದೇ ಇದ್ದ 'ಲಾಕ್ ಆಸ್ಪತ್ರೆ'ಯಲ್ಲಿ ಇರಬೇಕು. ಅವರ ಹತ್ತಿರ ಹೋಗುತ್ತಿದ್ದ ಗಂಡಸರನ್ನು ಈ ಕಾಯ್ದೆ ಮುಟ್ಟಲೇ ಇಲ್ಲ. 1888ರಲ್ಲಿ ಕಾಯ್ದೆ ರದ್ದಾಯಿತು. ಆದರೆ 'ಗುಪ್ತರೋಗ ಅಂದರೆ ಕೆಟ್ಟ ಹೆಂಗಸು' ಅನ್ನುವ ಲೆಕ್ಕ ಮನೆಮನೆಯಲ್ಲೂ ಉಳಿಯಿತು.

ಮರ್ಯಾದಸ್ಥ ಮನೆಯ ಹೆಂಗಸರ ಕಥೆ ಏನು? ಅದನ್ನು ಕೇಳಿದ್ದು ಬಹಳ ತಡವಾಗಿ. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತವರ ತಂಡ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ವರದಿ ಕೊಟ್ಟಿತು. ಶೇ. 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಇಂಥ ತಪಾಸಣೆ ಕಂಡಿದ್ದವರು ಬರೀ ಶೇ. 8. 'ಬಿಳಿ ಸೆರಗು ಎಲ್ಲರಿಗೂ ಇರುತ್ತೆ, ಸುಮ್ನಿರು' ಎಂದು ನಮ್ಮಮ್ಮಂದಿರು ಹೇಳುತ್ತಿದ್ದರಲ್ಲ, ಆ ಮಾತಿನ ಹಿಂದೆ ಇಷ್ಟಿತ್ತು. ಹಾಗಂತ ಬಿಳಿ ಸೆರಗೆಲ್ಲ ಲೈಂಗಿಕ ರೋಗವೂ ಅಲ್ಲ, ಅದು ಬೇರೆ ವಿಷಯ.

ಮುಂದೆ ಏಡ್ಸ್ ಭಯ ಬಂದ ಮೇಲೆ ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಲಕ್ಷಣ ನೋಡಿ ಮಾತ್ರೆ ಕೊಡುವ ಪದ್ಧತಿ ಬಂತು. ಸರಿ. ಆದರೆ ಲಕ್ಷಣವೇ ಇಲ್ಲದಿದ್ದರೆ? ಕ್ಲಮೈಡಿಯಾ ಅನ್ನುವ ಲೈಂಗಿಕ ರೋಗ ಹೆಚ್ಚಿನ ಹೆಂಗಸರಲ್ಲಿ ನೋವಿಲ್ಲ, ಉರಿಯಿಲ್ಲ ಅನ್ನುವ ಹಾಗೆ ಇರುತ್ತದೆ. ಹಿಡಿದರೆ ಒಂದು ವಾರದ ಮಾತ್ರೆಗೆ ಹೋಗುವ ರೋಗ ಅದು. ಬಿಟ್ಟರೆ ಕೆಲವರಲ್ಲಿ ಟ್ಯೂಬಿಗೆ ಏರಿ ಗಾಯ ಮಾಡುತ್ತದೆ. ಕೊನೆಗೆ ರೋಗಾಣು ಹೋದರೂ ಗಾಯದ ಕಲೆ ಉಳಿಯುತ್ತದೆ.

ಇವಳು ಕೇಳುತ್ತಿದ್ದದ್ದೂ ಅದನ್ನೇ: ಹಳೆಯದನ್ನು ಈಗ ಕಂಡುಹಿಡಿಯಬಹುದಾ? ಪಿಸಿಆರ್ ಥರದ ಟೆಸ್ಟ್ ಈಗ ಇರುವ ರೋಗಾಣುವನ್ನು ಮಾತ್ರ ಹಿಡಿಯುತ್ತದೆ. ರಕ್ತದಲ್ಲಿ ಆ್ಯಂಟಿಬಾಡಿ ಸಿಕ್ಕರೆ 'ಯಾವಾಗಲೋ ಬಂದಿರಬಹುದು' ಎನ್ನಬಹುದು, ಅಷ್ಟೇ. ಯಾವಾಗ, ಯಾರಿಂದ ಎಂದು ಯಾವ ಲ್ಯಾಬೂ ಹೇಳಲಾರದು. ಸಿಫಿಲಿಸ್ ಅನ್ನುವ ಇನ್ನೊಂದು ಗುಪ್ತರೋಗಕ್ಕೆ ಮಾಡುವ ಟಿಪಿಎಚ್‌ಎ ಎಂಬ ರಕ್ತದ ಟೆಸ್ಟಂತೂ ರೋಗ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಬರುತ್ತಿರುತ್ತದೆ. ಇನ್ನೊಂದು ಮಾತು, ನಮ್ಮ ದೇಶದಲ್ಲಿ ಟ್ಯೂಬ್ ಮುಚ್ಚಲು ಟಿ.ಬಿ.ಯೂ ದೊಡ್ಡ ಕಾರಣ. ಅದಕ್ಕೂ ನಡತೆಗೂ ಏನು ಸಂಬಂಧ?

ಟಿ.ಬಿ. ಎಂದಾಗ ಅವಳು ತಲೆ ಎತ್ತಿದಳು. ಬ್ಯಾಗಿನಿಂದ ಟೆಸ್ಟ್ ಚೀಟಿ ತೆಗೆದು ತೋರಿಸಿದಳು. ಐದು ಟೆಸ್ಟ್, ಐದೂ ಅವಳ ಹೆಸರಿಗೆ.

"ನಿಮ್ಮೆಜಮಾನರಿಗೆ ಏನು ಬರೆದಿದ್ದಾರೆ?"

"ಅವರಿಗಾ? ಅವರಿಗ್ಯಾಕೆ ಅಕ್ಕಾ?"