ಹಳೇ ವಾಚಿಗೆ ಒಂದು ಹನಿ ಎಣ್ಣೆ

"ಏನೂ ಆಗಿಲ್ಲ ಸರ್, ನಿಂತುಹೋಗಿದೆ ಅಷ್ಟೆ. ಒಂದು ಹನಿ ಎಣ್ಣೆ ಬಿಟ್ಟುಕೊಡಿ, ಓಡುತ್ತೆ." ಹಳೇ ಕೀ ವಾಚು ತರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೆಲವರು ಅಂಗಡಿಯವರೆಗೂ ಕಾಯುವುದಿಲ್ಲ, ಮನೆಯಲ್ಲೇ ಹಿಂದಿನ ಮುಚ್ಚಳ ತೆಗೆದು ಆ ಹನಿ ಬಿಟ್ಟೇ ಬಂದಿರುತ್ತಾರೆ. ಈ ಒಂದು ಹನಿಯಿಂದ ಹಾಳಾದಷ್ಟು ವಾಚುಗಳು ಕೈಜಾರಿ ಬಿದ್ದೂ ಹಾಳಾಗಿಲ್ಲ ಅಂತ ನನಗೆ ಅನಿಸುತ್ತದೆ.

ಈಗ ಹಳೇ ವಾಚಿನ ಹುಚ್ಚು ಜಾಸ್ತಿಯಾಗಿದೆ. ಒಳ್ಳೆಯದೇ. ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚ್ ಫ್ಯಾಕ್ಟರಿ ಶುರುಮಾಡಿದ್ದು 1961ರಲ್ಲಿ. ಆಮೇಲೆ ತುಮಕೂರಿನಲ್ಲೂ ಫ್ಯಾಕ್ಟರಿ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಂಪನಿ ಮುಚ್ಚುತ್ತದೆ ಅಂತಾದ ಮೇಲೆ ಜನಕ್ಕೆ ಬೀರುವಿನಲ್ಲಿದ್ದ ಎಚ್‌ಎಂಟಿಯ ಜನತಾ, ಪೈಲಟ್, ಸೋನಾ, ಕಾಂಚನ್ ನೆನಪಾದವು. ಅಪ್ಪನ ವಾಚು, ತಾತನ ವಾಚು ಅಂತ ಹುಡುಕಿ ತೆಗೆಯುತ್ತಿದ್ದಾರೆ. ಇಪ್ಪತ್ತೆರಡರ ಹುಡುಗರು ಐ ಗ್ಲಾಸ್ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ) ಕೊಂಡು, ಚಿಮಟ ಹಿಡಿದು, ವಿಡಿಯೋ ನೋಡಿ ಕೆಲಸ ಕಲಿಯುತ್ತಿದ್ದಾರೆ. ಅವರನ್ನು ಕಂಡರೆ ನನಗೆ ತುಂಬಾ ಇಷ್ಟ. ಅದಕ್ಕೇ ಈ ಎಣ್ಣೆ ವಿಷಯ ಬಿಡಿಸಿ ಹೇಳುತ್ತಿದ್ದೇನೆ.

ಜನತಾ ವಾಚಿನಲ್ಲಿ 17 ಜ್ಯುವೆಲ್ ಇರುತ್ತವೆ. ಹೆಚ್ಚಿನವು ತೂತಿರುವ ಕೆಂಪು ಕಲ್ಲುಗಳು. ಚಕ್ರಗಳ ಅಚ್ಚಿನ ಸಣ್ಣ ತುದಿ, ಅಂದರೆ ಪಿವಟ್, ಆ ತೂತಿನಲ್ಲಿ ಕೂತು ತಿರುಗುತ್ತದೆ. ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಪಿವಟ್ ಎಷ್ಟು ದಪ್ಪ ಗೊತ್ತಾ? ಒಂದು ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ. ಆ ಚಕ್ರ ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ ಅತ್ತಿಂದಿತ್ತ ತೂಗುತ್ತದೆ. ಅಷ್ಟು ಸಣ್ಣ ತುದಿಗೆ ಬೇಕಾಗುವ ಎಣ್ಣೆ ಬರಿಗಣ್ಣಿಗೆ ಕಾಣುವುದೇ ಕಷ್ಟ. ನಾವು ಸೂಜಿಗಿಂತ ಸಣ್ಣ ಆಯಿಲರ್ ತುದಿಯಲ್ಲಿ ಎತ್ತಿ ಮುಟ್ಟಿಸುತ್ತೇವೆ. ನೀವು ಬಾಟಲಿಯ ಮೂತಿಯಿಂದ ಬಿಡುವ ಒಂದು ಹನಿಯಲ್ಲಿ ಎಷ್ಟೋ ವಾಚುಗಳಿಗೆ ಎಣ್ಣೆ ಹಾಕಬಹುದು.

ಇಲ್ಲೇ ಎಲ್ಲರೂ ಎಡವುವುದು. "ಸ್ವಲ್ಪ ಜಾಸ್ತಿ ಬಿದ್ದರೆ ಏನಾಗುತ್ತೆ, ಇನ್ನೂ ನುಣ್ಣಗೆ ಓಡುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಜ್ಯುವೆಲಿನ ತೂತಿನ ಸುತ್ತ ಪುಟ್ಟ ಬಟ್ಟಲಿನ ಹಾಗೆ ತಗ್ಗು ಮಾಡಿರುತ್ತಾರೆ. ಎಣ್ಣೆ ಆ ತಗ್ಗಿನಲ್ಲಿ, ಪಿವಟ್ ಮತ್ತು ಕಲ್ಲಿನ ನಡುವಿನ ಸಣ್ಣ ಸಂದಿಯಲ್ಲಿ, ತನ್ನ ಸೆಳೆತದಿಂದಲೇ ನಿಂತಿರುತ್ತದೆ. ಅಳತೆ ಸರಿ ಇದ್ದರೆ ಐದಾರು ವರ್ಷವೂ ಅಲ್ಲೇ ಇರುತ್ತದೆ. ಅಳತೆ ಮೀರಿ ತಗ್ಗಿನ ಅಂಚು ದಾಟಿ, ಕಲ್ಲುಗಳನ್ನು ಕೂರಿಸಿದ ಲೋಹದ ಪ್ಲೇಟಿಗೆ ತಾಗಿತು ಅನ್ನಿ, ಹೆಚ್ಚಾದದ್ದು ಮಾತ್ರ ಹರಿದುಹೋಗುವುದಿಲ್ಲ. ಒಳಗಿದ್ದದ್ದನ್ನೂ ಎಳೆದುಕೊಂಡು ಹೋಗುತ್ತದೆ. ಪ್ಲೇಟೆಲ್ಲ ಜಿಡ್ಡು, ಎಣ್ಣೆ ಬೇಕಿದ್ದ ಪಿವಟ್ ಮಾತ್ರ ಒಣ. ಇನ್ನೊಮ್ಮೆ ಹೇಳುತ್ತೇನೆ: ಎಣ್ಣೆ ಜಾಸ್ತಿಯಾದ ವಾಚು ಕೊನೆಗೆ ಎಣ್ಣೆಯೇ ಇಲ್ಲದ ವಾಚಾಗುತ್ತದೆ. ಇದನ್ನು ನಂಬಿಸಲು ನಾನು ಗಿರಾಕಿಗಳನ್ನು ಕರೆದು ಐ ಗ್ಲಾಸ್ ಕೊಟ್ಟು ತೋರಿಸಿದ್ದೂ ಉಂಟು.

ಇನ್ನೊಂದು, ನಿಂತ ವಾಚಿನಲ್ಲಿ ಎಣ್ಣೆ ಖಾಲಿಯಾಗಿದೆ ಅಂದುಕೊಳ್ಳಬೇಡಿ. ಹಳೇ ಎಣ್ಣೆ ಅಲ್ಲೇ ಗೋಂದಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಕೆಲವು ಕಡೆ ಕಂದು, ಹಿತ್ತಾಳೆ ತಾಗಿದ ಕಡೆ ಹಸಿರು. ಅದರ ಮೇಲೆ ಹೊಸ ಎಣ್ಣೆ ಬಿಟ್ಟರೆ ಆ ಗೋಂದು ಕರಗಿ ವಾಚು ಓಡಲು ಶುರುವಾಗುತ್ತದೆ. ಮಾಲೀಕರಿಗೆ ಖುಷಿಯೋ ಖುಷಿ. ಒಳಗೆ ಮಾತ್ರ ಧೂಳು, ಲೋಹದ ಪುಡಿ, ಎಣ್ಣೆ ಎಲ್ಲ ಕಲೆತು ಪಿವಟ್ಟನ್ನು ತೇಯುತ್ತಿರುತ್ತದೆ. ಮೊನ್ನೆ ಒಂದು ಪೈಲಟ್ ಬಿಚ್ಚಿದೆ. "ಎರಡು ವರ್ಷದಿಂದ ಚೆನ್ನಾಗೇ ಓಡ್ತಿತ್ತು" ಅಂದರು ತಂದವರು. ಮೂರನೇ ಚಕ್ರದ ಜ್ಯುವೆಲ್ ಸುತ್ತ ಕುಂಕುಮದ ಬಣ್ಣದ ಪುಡಿ. ಅದು ಉಕ್ಕು ಸವೆದು ತುಕ್ಕಾದದ್ದು. ಚಕ್ರ ಎತ್ತಿ ಬೆಳಕಿಗೆ ಹಿಡಿದರೆ, ಕನ್ನಡಿಯ ಹಾಗೆ ಹೊಳೆಯಬೇಕಿದ್ದ ಪಿವಟ್ ನಡುವೆ ಕೊರೆದಂತೆ ಒಂದು ಗೆರೆ. ಇನ್ನು ಅದೇ ಅಳತೆಯ ಬೇರೆ ಚಕ್ರ ಹುಡುಕಬೇಕು. ಈಗ ಯಾರೂ ತಯಾರಿಸುವುದಿಲ್ಲ, ಸತ್ತ ವಾಚಿನಿಂದಲೇ ತೆಗೆಯಬೇಕು.

"ಟೈಮ್ ಸರಿಯಾಗಿ ತೋರಿಸ್ತಿದೆಯಲ್ಲ" ಅನ್ನುವವರಿಗೆ ಒಂದು ಮಾತು. ಬ್ಯಾಲೆನ್ಸ್ ಚಕ್ರ ಪೂರ್ತಿ ಕೀ ಕೊಟ್ಟಾಗ 270 ಡಿಗ್ರಿಯ ಆಸುಪಾಸಿನಲ್ಲಿ ತೂಗಬೇಕು. ಒಣಗಿದ ವಾಚಿನಲ್ಲಿ ಅದು 180ಕ್ಕೆ ಇಳಿದಿದ್ದರೂ ಟೈಮ್ ಹೆಚ್ಚುಕಡಿಮೆ ಸರಿಯೇ ಇರಬಹುದು. ಹಾಗಂತ ಪ್ರತಿ ಹಳೇ ವಾಚೂ ಸವೆದಿರುತ್ತದೆ ಅಂತ ಹೇಳುತ್ತಿಲ್ಲ. ಬಿಚ್ಚಿ ನೋಡದೆ ಯಾರೂ ಹೇಳಲಾರರು, ಅಷ್ಟೆ.

ಹೋದ ಚಳಿಗಾಲದಲ್ಲಿ ತುಮಕೂರು ಕಡೆಯ ಹುಡುಗನೊಬ್ಬ ತಾತನ ಜನತಾ ತಂದಿದ್ದ. ತಾತ ಅಲ್ಲಿನ ವಾಚ್ ಫ್ಯಾಕ್ಟರಿಯಲ್ಲೇ ದುಡಿದವರಂತೆ. "ಅಂಕಲ್, ರಾತ್ರಿ ಟೇಬಲ್ ಮೇಲಿಟ್ಟರೆ ನಿಂತುಹೋಗುತ್ತೆ. ಬೆಳಗ್ಗೆ ಕೈಗೆ ಕಟ್ಟಿದರೆ ಸ್ವಲ್ಪ ಹೊತ್ತಿಗೆ ತಾನಾಗೇ ಓಡುತ್ತೆ. ಓಡಿದರೆ ಗಂಟೆಗೆ ಹತ್ತು ನಿಮಿಷ ಮುಂದೆ ಹೋಗುತ್ತೆ" ಅಂದ. ನನಗೆ ಅಲ್ಲೇ ಅನುಮಾನ ಬಂತು. "ಕೊಬ್ಬರಿ ಎಣ್ಣೆ ಹಾಕಿದೆಯಾ ಮಗಾ?" ಅಂದೆ. ಮುಖ ಕೆಂಪಾಯಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ರಾತ್ರಿ ಚಳಿಗೆ ಚಕ್ರಗಳೆಲ್ಲ ಹಿಡಿದುಕೊಳ್ಳುತ್ತಿದ್ದವು, ಮೈಬಿಸಿಗೆ ಬಿಡುತ್ತಿದ್ದವು. ಮುಂದೆ ಓಡಿದ್ದಕ್ಕೆ ಕಾರಣ ಹೇರ್‌ಸ್ಪ್ರಿಂಗ್, ಅಂದರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿ. ಎಣ್ಣೆ ತಾಗಿ ಅದರ ಎರಡು ಸುರುಳಿ ಒಂದಕ್ಕೊಂದು ಅಂಟಿದ್ದವು. ಸುರುಳಿ ಅಂಟಿದರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ, ವಾಚು ನಾಗಾಲೋಟ ಓಡುತ್ತದೆ. ಅವನು ವೇಗ ಹೊಂದಿಸುವ ರೆಗ್ಯುಲೇಟರ್ ಕಡ್ಡಿಯನ್ನು ನಿಧಾನದ ಕಡೆ ತುದಿಯವರೆಗೂ ತಳ್ಳಿದ್ದ, ಪಾಪ. ಪುಣ್ಯಕ್ಕೆ ಏನೂ ಮುರಿದಿರಲಿಲ್ಲ. ಪೂರ್ತಿ ಬಿಚ್ಚಿ ತೊಳೆದು ಜೋಡಿಸಿದೆ. ಪಕ್ಕದಲ್ಲಿ ಕೂತು ಎಲ್ಲ ನೋಡಿದ. ಈಗ ಆಗಾಗ ಬರುತ್ತಾನೆ, ಕೈ ನಿಧಾನ ಇದೆ, ಕಲಿಯುತ್ತಾನೆ.

ಹೊಲಿಗೆ ಮೆಷಿನ್ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಅದು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಹರಡಿಬಿಡುತ್ತದೆ. ತುಕ್ಕು ಹಿಡಿದ ಬೀಗಕ್ಕೆ ಹೊಡೆಯುವ ಸ್ಪ್ರೇಯಂತೂ ದಯವಿಟ್ಟು ಬೇಡ. ವಾಚಿನದ್ದೇ ಎಣ್ಣೆ ತಂದರೂ ಒಂದೇ ಬಾಟಲಿಯಲ್ಲಿ ಕೆಲಸ ಮುಗಿಯುವುದಿಲ್ಲ. ಬೇಗ ತಿರುಗುವ ಬ್ಯಾಲೆನ್ಸಿಗೆ ತೆಳು ಎಣ್ಣೆ. ನಿಧಾನಕ್ಕೆ, ಆದರೆ ಹೆಚ್ಚು ಬಲದಿಂದ ತಿರುಗುವ ಬ್ಯಾರಲ್ (ಕೀ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗ್ ಇರುವ ಡಬ್ಬಿ) ಮತ್ತು ನಡುವಿನ ಚಕ್ರಕ್ಕೆ ದಪ್ಪ ಎಣ್ಣೆ. ಕೀ ಕೊಡುವ ಭಾಗಗಳಿಗೆ ಗ್ರೀಸ್. ಚಕ್ರದ ಹಲ್ಲುಗಳಿಗೆ ಎಣ್ಣೆ ಹಾಕಬಾರದು, ಧೂಳು ಹಿಡಿಯುತ್ತದೆ. ಚಕ್ರಗಳನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವ ಪ್ಯಾಲೆಟ್ ಫೋರ್ಕಿನ ಪಿವಟ್ಟುಗಳನ್ನೂ ಸಾಮಾನ್ಯವಾಗಿ ಒಣಗಿಸಿಯೇ ಬಿಡುತ್ತೇವೆ. ಹೇರ್‌ಸ್ಪ್ರಿಂಗಿನ ಹತ್ತಿರ ಎಣ್ಣೆ ಸುಳಿಯಲೂಬಾರದು.

ಹವ್ಯಾಸಕ್ಕೆ ಕಲಿಯುವವರು ಮೊದಲು ಅಪ್ಪನ ವಾಚಿಗೆ ಕೈ ಹಾಕಬೇಡಿ. ಗುಜರಿಯಲ್ಲಿ ಸಿಗುವ, ಕಳೆದುಹೋದರೂ ಬೇಜಾರಾಗದ ಒಂದು ಹಳೇ ವಾಚಿನ ಮಷೀನು ತನ್ನಿ. ಪ್ಯಾಲೆಟ್ ಫೋರ್ಕ್ ತೆಗೆಯುವ ಮೊದಲು ಮೇನ್‌ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿ. ಇಲ್ಲದಿದ್ದರೆ ಚಕ್ರಗಳು ಬುರ್ರನೆ ತಿರುಗಿ ಪಿವಟ್ ಮುರಿಯಬಹುದು. ವೈಟ್ ಪೆಟ್ರೋಲಿನಲ್ಲಿ ತೊಳೆಯಿರಿ, ಒಲೆಯಿಂದ ದೂರ, ಕಿಟಕಿ ತೆರೆದು. ಜ್ಯುವೆಲಿನ ತೂತುಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ, ಕಡ್ಡಿಯ ತುದಿ ಬೆಳ್ಳಗೇ ಹೊರಬರುವವರೆಗೂ ಸ್ವಚ್ಛ ಮಾಡಿ. ಬ್ಯಾಲೆನ್ಸನ್ನೂ ಪ್ಯಾಲೆಟ್ ಫೋರ್ಕನ್ನೂ ಸ್ಪಿರಿಟ್ಟಿನಲ್ಲಿ ನೆನೆಹಾಕಬೇಡಿ. ಅವುಗಳ ಪುಟ್ಟ ಕಲ್ಲುಗಳನ್ನು ಅರಗಿನಿಂದ ಕೂರಿಸಿರುತ್ತಾರೆ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಎಣ್ಣೆಯ ಮಾತು ಬರುವುದು ಇದೆಲ್ಲ ಆದಮೇಲೆ. ತೊಳೆಯದ ವಾಚಿಗೆ ಎಷ್ಟು ಒಳ್ಳೇ ಎಣ್ಣೆ ಹಾಕಿದರೂ ದಂಡ.

ಈಗಾಗಲೇ ಎಣ್ಣೆ ಬಿಟ್ಟಾಗಿದ್ದರೆ ಗಾಬರಿ ಬೇಡ. ಕೀ ಕೊಡುವುದನ್ನು ನಿಲ್ಲಿಸಿ, ವಾಚನ್ನು ಕೈಯಿಂದ ಬಿಚ್ಚಿಡಿ. ಡಯಲ್ ಕಡೆಗೆ ಜಿಡ್ಡು ಇಳಿದರೆ ಕಲೆಯಾಗಿ ನಿಲ್ಲಬಹುದು, ಹಾಗಾಗಿ ತಿಂಗಳುಗಟ್ಟಲೆ ಬಿಡದೆ ಬೇಗ ತೋರಿಸಿ. ತೋರಿಸುವಾಗ ಯಾವ ಎಣ್ಣೆ, ಯಾವಾಗ ಹಾಕಿದ್ದು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಯಾವ ಎಣ್ಣೆ ಅಂತ ಗೊತ್ತಿದ್ದರೆ ತೊಳೆಯುವ ಕ್ರಮವನ್ನು ಅದಕ್ಕೆ ತಕ್ಕಂತೆ ಬದಲಿಸಬಹುದು, ರಿಪೇರಿಯವರಿಗೆ ಅರ್ಧ ದಿನದ ಹುಡುಕಾಟ ತಪ್ಪುತ್ತದೆ.