"ನೀನೇ ಹೇಳಿಬಿಡು ಪುಟ್ಟಾ" ಅನ್ನಬೇಡಿ

ಟೆಕ್ಸಾಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಪಾಠ ಮಾಡುವುದು ನನ್ನ ಕೆಲಸ. ಕ್ಲಾಸಿನಲ್ಲಿ ಮುಕ್ಕಾಲುವಾಸಿ ಮಕ್ಕಳ ಮನೆಮಾತು ಸ್ಪ್ಯಾನಿಷ್. ಈ ಮಕ್ಕಳಿಗೆ ನಾವೇನು ಮಾಡಬಹುದು ಅಂತ ಇಲ್ಲಿನ ಕನ್ನಡದವರೂ ಆಗಾಗ ಕೇಳುತ್ತಾರೆ. ಬ್ಯಾಗು, ಪುಸ್ತಕ ಕೊಡಿಸೋಣವಾ, ಶನಿವಾರ ಲೆಕ್ಕ ಹೇಳಿಕೊಡೋಣವಾ ಅಂತ. ಖಂಡಿತ ಮಾಡಿ. ಆದರೆ ನನ್ನ ತಲೆ ಕೆಡಿಸುವ ಒಂದು ಚಾಳಿ ಇದೆ, ಅದು ನಿಂತರೆ ಅರ್ಧ ಕೆಲಸ ಆದ ಹಾಗೆ. ಮೀಟಿಂಗ್‌ಗೆ ಬಂದ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ಟೀಚರ್ ಪಕ್ಕದಲ್ಲಿ ನಿಂತ ಮಗುವಿನ ಕಡೆ ತಿರುಗಿ, "ನೀನೇ ಹೇಳಿಬಿಡು ಪುಟ್ಟಾ" ಅನ್ನುವುದು.

ಒಬ್ಬ ಹುಡುಗನ ಬಗ್ಗೆ ಟೀಚರ್ ಐದು ನಿಮಿಷ ದೂರು ಹೇಳಿದರು. ಹೋಮ್‌ವರ್ಕ್ ಕೊಡಲ್ಲ, ಪಾಠದ ನಡುವೆ ಮಾತು, ಎರಡು ಟೆಸ್ಟ್ ಫೇಲು. ಹುಡುಗ ಗಂಭೀರವಾಗಿ ಕೇಳಿಸಿಕೊಂಡು ಅಮ್ಮನಿಗೆ ಒಂದೇ ಸಾಲಿನಲ್ಲಿ ಹೇಳಿದ: ನಾನು ಕ್ಲಾಸಿನಲ್ಲಿ ಎಲ್ಲರ ಜೊತೆ ಚೆನ್ನಾಗಿ ಬೆರೀತೀನಂತೆ. ಅಮ್ಮ ಎದ್ದು ಟೀಚರ ಕೈ ಹಿಡಿದು ಥ್ಯಾಂಕ್ಸ್ ಹೇಳಿದರು. ನನ್ನ ಅರೆಬರೆ ಸ್ಪ್ಯಾನಿಷ್‌ಗೂ ಅಷ್ಟು ಅರ್ಥವಾಯಿತು. ನಗು ತಡೆಯೋಕೆ ಆಗಲಿಲ್ಲ.

ಇನ್ನೊಂದು ಸಲ ನಗು ಬರಲಿಲ್ಲ. ಏಳನೇ ಕ್ಲಾಸಿನ ಹುಡುಗಿ, ಪುಟ್ಟ ತಮ್ಮನ ಮೀಟಿಂಗ್‌ನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ತಮ್ಮನಿಗೆ ಮಾತು ತಡವಾಗಿ ಬರುತ್ತಿದೆ, ಪರೀಕ್ಷೆ ಮಾಡಿಸೋಣ, ಒಪ್ಪಿಗೆ ಕೊಡಿ ಅನ್ನುವುದು ವಿಷಯ. ಆ ಪದಗಳು ಸ್ಪ್ಯಾನಿಷ್‌ನಲ್ಲಿ ಅವಳಿಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದ ಪದದಲ್ಲಿ ಹೇಳಿದಳು: ತಮ್ಮನ ತಲೆ ಸರಿ ಇಲ್ಲವಂತೆ. ಅಮ್ಮ ಅತ್ತರು, ಸಹಿ ಹಾಕದೆ ಎದ್ದು ಹೋದರು. ಸರಿಯಾದ ದುಭಾಷಿಯನ್ನು ಫೋನಿನಲ್ಲಿ ಕೂರಿಸಿ ಮತ್ತೆ ಮಾತಾಡುವ ಹೊತ್ತಿಗೆ ಆ ವರ್ಷ ಮುಗಿದಿತ್ತು. ಅಮ್ಮನನ್ನು ಅಳಿಸಿದ್ದು ನಾನೇ ಅಂತ ಆ ಹುಡುಗಿ ಎಷ್ಟು ದಿನ ಅಂದುಕೊಂಡಿದ್ದಳೋ.

ಎರಡು ಭಾಷೆ ಬರುವುದು ಬೇರೆ, ದುಭಾಷಿ ಕೆಲಸ ಬೇರೆ. ಇದನ್ನೇ ನಾನು ಹೇಳಿ ಹೇಳಿ ಸುಸ್ತಾಗಿರುವುದು. ಸ್ಪ್ಯಾನಿಷ್‌ನಲ್ಲಿ "ಕೊಲೇಹಿಯೋ" ಅಂದರೆ ಸಾಮಾನ್ಯವಾಗಿ ಶಾಲೆ, ಕಾಲೇಜಿಗೆ "ಉನಿವರ್ಸಿದಾದ್" ಅನ್ನಬೇಕು. ಕೌನ್ಸೆಲರ್ ಕಾಲೇಜಿನ ಮಾತೆತ್ತಿದರೆ ಹುಡುಗ ಕೊಲೇಹಿಯೋ ಅನ್ನುತ್ತಾನೆ, ಅಪ್ಪ "ಹೋಗ್ತಾನೇ ಇದಾನಲ್ಲ" ಅನ್ನುತ್ತಾರೆ, ಕೌನ್ಸೆಲರ್ ಈ ಮನೆಯವರಿಗೆ ಆಸಕ್ತಿ ಇಲ್ಲ ಅಂತ ಬರೆದುಕೊಳ್ಳುತ್ತಾರೆ. "ಎದುಕಾಸಿಯೋನ್" ಕೂಡ ಹಾಗೇ, ಬರೀ ಎಜುಕೇಶನ್ ಅಲ್ಲ. ನಾವು ವಿದ್ಯೆಬುದ್ಧಿ ಅಂತ ಒಟ್ಟಿಗೆ ಹೇಳುತ್ತೇವಲ್ಲ, ಅದರಲ್ಲಿ ನಡತೆಯೂ ಸೇರುತ್ತದೆ. ಅದಕ್ಕೇ ಎಷ್ಟೋ ಅಮ್ಮಂದಿರು ಮೊದಲು ಕೇಳುವುದು ಮಾರ್ಕ್ಸ್ ಅಲ್ಲ, ಮಗು ಹೇಗೆ ನಡೆದುಕೊಳ್ಳುತ್ತದೆ ಅಂತ.

ನಮ್ಮವರಿಗೆ ಇದು ಅರ್ಥವಾಗದೆ ಏನಿಲ್ಲ. ಊರಿಂದ ಬಂದ ಅಜ್ಜಿಯನ್ನು ಇಲ್ಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅಜ್ಜಿ "ಉಷ್ಣ ಆಗಿದೆ" ಅಂದದ್ದನ್ನು ಮೊಮ್ಮಗಳು ಜ್ವರ ಅಂತ ಹೇಳಿಬಿಟ್ಟ ಮನೆಗಳು ಎಷ್ಟಿಲ್ಲ?

ಮಕ್ಕಳು ಮನೆಯಲ್ಲಿ, ಅಂಗಡಿಯಲ್ಲಿ ಅಪ್ಪ ಅಮ್ಮನಿಗೆ ಮಾತು ದಾಟಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಮಕ್ಕಳಿಗೆ ಅದರ ಹೆಮ್ಮೆಯೂ ಇರುತ್ತದೆ, ಇರಲಿ. ತನ್ನದೇ ಅಥವಾ ಒಡಹುಟ್ಟಿದವರದೇ ಪಂಚಾಯಿತಿಯಲ್ಲಿ ಬೇಡ, ಅಷ್ಟೇ.

ನಾನು ವಕೀಲನಲ್ಲ, ನಿಮ್ಮ ರಾಜ್ಯದ ನಿಯಮ ನೀವು ವಿಚಾರಿಸಿಕೊಳ್ಳಿ. ಆದರೂ ಒಂದಿಷ್ಟು ಹೇಳಬಲ್ಲೆ. ಅಮೆರಿಕದ ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಾಲೆ ಮೂಲ ದೇಶ ನೋಡಿ ಭೇದ ಮಾಡಬಾರದು ಅಂತ 1964ರ ನಾಗರಿಕ ಹಕ್ಕು ಕಾಯ್ದೆ ಹೇಳುತ್ತದೆ. ಇಂಗ್ಲಿಷ್ ಬಾರದ ಪೋಷಕರಿಗೆ ಶಾಲೆಯ ವಿಷಯಗಳನ್ನು ತಿಳಿಸಲೇಬೇಕು, ಅದಕ್ಕೆ ಬೇರೆ ಭಾಷೆ ಬೇಕಾಗಬಹುದು ಅಂತ 1970ರಲ್ಲೇ ಕೇಂದ್ರ ಸರ್ಕಾರದಿಂದ ಶಾಲೆಗಳಿಗೆ ಕಾಗದ ಹೋಗಿತ್ತು. ವಿಶೇಷ ಶಿಕ್ಷಣದ ಮೀಟಿಂಗ್ ಆದರೆ ಪೋಷಕರಿಗೆ ಅರ್ಥವಾಗುವಂತೆ ದುಭಾಷಿ ಒದಗಿಸುವುದು ಶಾಲೆಯ ಹೊಣೆ. ಈ ದೇಶದಲ್ಲಿರೋಕೆ ಕಾಗದಪತ್ರ ಇಲ್ಲದ ವಲಸೆ ಮಕ್ಕಳಿಗೂ ಸರ್ಕಾರಿ ಶಾಲೆ ಬಾಗಿಲು ಮುಚ್ಚುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು, ಆ ಕೇಸ್ ಹುಟ್ಟಿದ್ದು ನಮ್ಮ ಟೆಕ್ಸಾಸ್‌ನ ಟೈಲರ್ ಊರಲ್ಲೇ. ಇಷ್ಟಾದರೂ ಆ ಮನೆಯವರ ಭಯ ಹೋಗುವುದಿಲ್ಲ, ನಿಜ.

ಫೋನಿನಲ್ಲಿ ಸಿಗುವ ದುಭಾಷಿ ಸೇವೆಗೆ ಎಷ್ಟೋ ಶಾಲೆಗಳು ಆಗಲೇ ದುಡ್ಡು ಕಟ್ಟಿರುತ್ತವೆ. ನಂಬರ್ ಆಫೀಸಿನ ಗೋಡೆಯ ಮೇಲೆ ಅಂಟಿಸಿರುತ್ತದೆ, ಯಾರೂ ನೋಡಿರುವುದಿಲ್ಲ! ದುಭಾಷಿ ಇದ್ದಾಗ ಅಮ್ಮನ ಮುಖ ನೋಡಿ ಮಾತಾಡಿ. "ಅವರಿಗೆ ಹೇಳಿ" ಅನ್ನಬೇಡಿ, "ನೀವು" ಅನ್ನಿ. ಎರಡು ವಾಕ್ಯ ಹೇಳಿ ನಿಲ್ಲಿಸಿ. ಮೊದಲು ಮನೆಮಾತು ಯಾವುದು ಅಂತ ಕೇಳಿ, ಸ್ಪ್ಯಾನಿಷ್ ಅಂತ ಸುಮ್ನೆ ಊಹಿಸಬೇಡಿ. ಗ್ವಾಟೆಮಾಲಾದ ಒಬ್ಬ ತಾಯಿ ಸ್ಪ್ಯಾನಿಷ್ ದುಭಾಷಿ ಹೇಳಿದ್ದಕ್ಕೆಲ್ಲ "ಸೀ, ಸೀ", ಅಂದರೆ ಹೌದು ಹೌದು, ಅಂತ ತಲೆಯಾಡಿಸಿದರು. ಅವರ ಮಾತು ಮಾಮ್, ಅಲ್ಲಿನ ಮೂಲನಿವಾಸಿ ಮಾಯಾ ಜನರ ಒಂದು ಭಾಷೆ, ಅಂತ ನಮಗೆ ಆಮೇಲೆ ಗೊತ್ತಾಯಿತು. ಆ ದೇಶದಲ್ಲಿ ಮಾಯಾ ಭಾಷೆಗಳೇ 22 ಇವೆ. ಮನೆಯಲ್ಲಿ ತುಳು, ಕೊಡವ, ಕೊಂಕಣಿ ಆಡಿ ಬೆಳೆದ ನಮ್ಮವರಾದರೂ ಇದನ್ನು ಊಹಿಸಬೇಕಿತ್ತು ಅಲ್ವಾ?

ಹೋದ ವರ್ಷ ಒಬ್ಬ ಹುಡುಗಿಯ ಮೀಟಿಂಗ್. ಮೂರು ವರ್ಷದಿಂದ ಅಮ್ಮನ ಪರವಾಗಿ ಅವಳೇ ಮಾತಾಡುತ್ತಿದ್ದಳು, ಅಮ್ಮ ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಆ ದಿನ ಅವಳನ್ನು ಹೊರಗೆ ಆಡೋಕೆ ಕಳಿಸಿ ಫೋನ್ ಸ್ಪೀಕರ್‌ಗೆ ಹಾಕಿದೆ. ಮಾರ್ಕ್ಸ್, ಅಟೆಂಡೆನ್ಸ್ ಎಲ್ಲ ಹೇಳಿ ಮುಗಿಸಿ, ಏನಾದರೂ ಕೇಳಬೇಕಾ ಅಂದೆ. ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು, "ಅವಳು ಇಲ್ಲಿ ಯಾರ ಜೊತೆ ಊಟ ಮಾಡ್ತಾಳೆ?"

ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಮಧ್ಯಾಹ್ನ ಕೆಫೆಟೇರಿಯಾಕ್ಕೆ ಹೋಗಿ ನೋಡಿದೆ.