ಶಿರಸಿ ಮನೇಲಿ ಮ್ಯಾಂಟಿಸ್ ಶ್ರಿಂಪ್ ಸಾಕಬಹುದಾ, ಗಾಜು ಒಡೆಯುತ್ತಾ?

ಪ್ರಶ್ನೆ: ಕಾರವಾರದ ಬೈತಖೋಲ ಬಂದರಲ್ಲಿ ಟ್ರಾಲರ್ ಬಲೆಯಿಂದ ಸುರಿದ ರಾಶೀಲಿ ಮ್ಯಾಂಟಿಸ್ ಶ್ರಿಂಪ್ (ಸಿಗಡಿ ಥರ ಕಾಣೋ, ಮುಂಗೈಯಿಂದ ಬೇಟೆ ಹೊಡೆಯೋ ಕಡಲ ಪ್ರಾಣಿ) ನೋಡಿದೆ, ಇನ್ನೂ ಜೀವ ಇತ್ತು. ಶಿರಸಿಗೆ ತಂದು ಎರಡಡಿ ಟ್ಯಾಂಕಲ್ಲಿ ಸಾಕೋ ಆಸೆ. ಗುದ್ದಿ ಗಾಜು ಒಡೆದು ಹಾಕತ್ತೆ ಅಂತಾರಲ್ಲ, ನಿಜವಾ?

ಉತ್ತರ: ಎಲ್ಲರೂ ಗಾಜಿನ ಬಗ್ಗೇನೇ ಕೇಳ್ತಾರೆ ಮಾರಾಯ್ರೇ, ನೀರಿನ ಬಗ್ಗೆ ಒಬ್ಬರೂ ಕೇಳಲ್ಲ. ನೀವು ನೋಡಿದ್ದು ಬಹುಶಃ ಗಾಜು ಒಡೆಯೋ ಪೈಕಿದೇ ಅಲ್ಲ. ಇವುಗಳಲ್ಲಿ ಎರಡು ಥರ, ಗುದ್ದೋದು ಒಂದು, ಚುಚ್ಚೋದು ಇನ್ನೊಂದು. ಫೋಟೋದಲ್ಲೆಲ್ಲ ಬರೋ ಬಣ್ಣಬಣ್ಣದ ಪೀಕಾಕ್ ಮ್ಯಾಂಟಿಸ್ ಗುದ್ದೋ ಜಾತಿ, ಅದರ ಏಟಿನ ವೇಗ ಸೆಕೆಂಡಿಗೆ 23 ಮೀಟರ್ ಹತ್ತಿರ, ಅಂದ್ರೆ ಹೈವೇಲಿ ಓಡೋ ಬೈಕಿನಷ್ಟು, ಅದೂ ನೀರೊಳಗೆ. ದೊಡ್ಡವು ಅಕ್ವೇರಿಯಂ ಗಾಜು ಒಡೆದದ್ದೂ ಇದೆ. ನಮ್ಮ ಟ್ರಾಲ್ ಬಲೆಗೆ ಹೆಚ್ಚಾಗಿ ಬೀಳೋದು ಮಿಯಾಕೆಲ್ಲಾ ನೆಪಾ (ಹಳೇ ಹೆಸರು ಒರಟೊಸ್ಕ್ವಿಲ್ಲಾ ನೆಪಾ) ಅನ್ನೋ ಬೂದು ಬಣ್ಣದ್ದು, ಕೆಸರಲ್ಲಿ ಬಿಲ ತೋಡ್ಕೊಂಡು ಕೂತು ಮುಳ್ಳಿನ ಕೈಯಿಂದ ಬೇಟೆ ಚುಚ್ಚಿ ಎಳ್ಕೊಳ್ಳೋದು. ಅದಕ್ಕೆ ಮಾಮೂಲಿ 6 ಎಂಎಂ ಗಾಜು ಸಾಕು. ನಿಮ್ಮ ಬೆರಳಿಗೆ ಮಾತ್ರ ಈ ಪ್ರಾಣಿ ಅಪಾಯವೇ, ಬರಿಗೈಲಿ ಹಿಡೀಬೇಡಿ, ಬಾಲದ ಮುಳ್ಳೂ ಕೊಯ್ಯತ್ತೆ.

ಆದ್ರೆ ಟ್ರಾಲ್ ರಾಶೀಲಿದ್ದಿದ್ದನ್ನ ತರೋದೇ ಬೇಡ ಅಂತ ನನ್ನ ಮಾತು. ಗಂಟೆಗಟ್ಲೆ ಮೀನಿನ ಭಾರದಡಿ ಎಳೆದಾಡಿ ಬಂದಿರತ್ತೆ, ಕಾಲು ಮುರಿದಿರತ್ತೆ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತೋದ್ರೊಳಗೆ ಕಥೆ ಮುಗಿದಿರತ್ತೆ. ದಡದ ಹತ್ರ ಎಳೆಯೋ ಸಣ್ಣ ಬಲೆಗೆ ಬಿದ್ದದ್ದು ವಾಸಿ. ಎರಡು ಸಿಕ್ಕಿದ್ರೂ ಒಂದೇ ಡಬ್ಬೀಲಿ ಹಾಕ್ಬೇಡಿ, ಮನೆಗೆ ಬರೋದು ಒಂದೇ.

ಇನ್ನು ನೀರು. ಎರಡಡಿ ಟ್ಯಾಂಕ್ ಅಂದ್ರೆ ಸುಮಾರು 60 ಲೀಟರ್ ಹಿಡಿಯತ್ತೆ, ಒಂದು ಪ್ರಾಣಿಗೆ ಸಾಕು, ಉಪ್ಪಿನ ಮಟ್ಟ ಹೈಡ್ರೋಮೀಟರಲ್ಲಿ (ನೀರಿನ ಸಾಂದ್ರತೆ ಅಳೆಯೋ ಸಾಧನ) 1.023ರಿಂದ 1.026ರ ಒಳಗಿರ್ಬೇಕು. ಗೋಕರ್ಣದ ಹತ್ರದ ಸಾಣಿಕಟ್ಟಾ ಉಪ್ಪು ಕರಗಿಸಿದ್ರೆ ಆಗಲ್ವಾ ಅಂತ ನಮ್ಮನೇಲೇ ಕೇಳಿದ್ರು, ಆಗಲ್ಲ. ಗದ್ದೇಲಿ ಉಪ್ಪು ಹೆಪ್ಪುಗಟ್ಟೋ ಮೊದಲೇ ಕ್ಯಾಲ್ಸಿಯಂ ಬಹುಪಾಲು ತಳಕ್ಕೆ ಕೂತಿರತ್ತೆ, ಮೆಗ್ನೀಸಿಯಂ ಕೊನೇಲಿ ಉಳಿಯೋ ಕಹಿ ನೀರಲ್ಲಿ ಹೋಗತ್ತೆ, ಅಡುಗೆಗೆ ಅದು ಒಳ್ಳೇದೇ, ಆದ್ರೆ ಚಿಪ್ಪು ಕಟ್ಟೋ ಪ್ರಾಣಿಗೆ ಅವೆರಡೂ ಬೇಕು. ಅಕ್ವೇರಿಯಂ ಅಂಗಡೀಲಿ ಸಿಗೋ ಮರೀನ್ ಸಾಲ್ಟ್ 60 ಲೀಟರಿಗೆ ಎರಡು ಕಾಲು ಕೆಜಿ ಹತ್ರ ಬೇಕಾಗತ್ತೆ. ಸಮುದ್ರದ ನೀರೇ ತರೋದಾದ್ರೆ ಜನವರಿಯಿಂದ ಮೇ ಒಳಗೆ, ಕಾಳಿ ನದಿ ಬಾಯಿಂದ ದೂರ, ಬಂದರಿನ ಡೀಸೆಲ್ ನೀರಂತೂ ಬೇಡ್ವೇ ಬೇಡ. ಜೂನ್ ಬಂತಂದ್ರೆ ಕಾಳಿ ಕೆಂಪು ನೀರು ತಂದು ಸುರಿಯತ್ತೆ, ದಡದ ನೀರು ಬಾಯಿಗೆ ಹಾಕಿದ್ರೆ ಉಪ್ಪೇ ಹತ್ತಲ್ಲ.

ನಾನು ಮಾಡಿದ ದಡ್ಡತನ ಹೇಳ್ತೀನಿ. ಟ್ಯಾಂಕಲ್ಲಿ ನೀರು ಇಳಿದಾಗೆಲ್ಲ ಕ್ಯಾನಲ್ಲಿದ್ದ ಸಮುದ್ರದ ನೀರನ್ನೇ ತುಂಬ್ತಾ ಹೋದೆ, ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಕೂರತ್ತೆ ಅನ್ನೋದು ಶಾಲೇಲಿ ಓದಿದ್ದೇ, ತಲೆಗೆ ಹೊಳೀಲಿಲ್ಲ. ಎರಡು ತಿಂಗಳಿಗೆ ಹೈಡ್ರೋಮೀಟರ್ 1.030 ದಾಟಿತ್ತು, ಗಾಜಿನ ಅಂಚೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಇಳಿದಷ್ಟಕ್ಕೆ ಸಿಹಿನೀರೇ ಹಾಕ್ಬೇಕು.

ಆ ಸಿಹಿನೀರು ಬಚ್ಚಲಮನೆ ತಾಮ್ರದ ಹಂಡೇದು ಆಗಬಾರದು. ತಾಮ್ರ ಅಂದ್ರೆ ಏಡಿ, ಶೆಟ್ಲಿ (ಸಿಗಡಿ), ಇದು, ಎಲ್ಲಕ್ಕೂ ವಿಷ. ಶಿರಸಿ ಅಂದ್ರಿ, ತೋಟ ಇರ್ಬೇಕು. ಅಡಿಕೆ ಕೊಳೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ಮು, ಬಕೆಟ್ಟು ಎಷ್ಟು ತೊಳೆದ್ರೂ ಈ ಕೆಲಸಕ್ಕೆ ಬೇಡ, ಮೈಲುತುತ್ತ ಅಂದ್ರೆ ತಾಮ್ರವೇ. ಔಷಧ ಹೊಡೆದು ಬಂದ ಕೈಯನ್ನೂ ಟ್ಯಾಂಕಿಗೆ ಅದ್ದಬೇಡಿ. ಮೀನಿನ ರೋಗಕ್ಕೆ ಸಿಗೋ ಎಷ್ಟೋ ಮದ್ದಲ್ಲೂ ಅದೇ ಇರತ್ತೆ.

ನೀರು ತುಂಬಿದ ದಿನವೇ ಪ್ರಾಣಿ ಬಿಡಬೇಡಿ. ಫಿಲ್ಟರ್ ಓಡಿಸಿ ಒಂದು ತುಂಡು ಶೆಟ್ಲಿ ಹಾಕಿ ಕೊಳೆಯೋಕೆ ಬಿಡಿ, ಕೊಳೆತಾಗ ಬರೋ ವಿಷ ಅಮೋನಿಯಾನ ನೈಟ್ರೈಟ್ ಮಾಡೋ, ಅದನ್ನ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಟೆಸ್ಟ್ ಕಿಟ್ಟಲ್ಲಿ ಮೊದಲೆರಡೂ ಸೊನ್ನೆ ತೋರಿಸಿದ ಮೇಲೆ ತನ್ನಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋದ್ರೆ ಯಾವಾಗ ಬರತ್ತೆ ಅಂತ ಗೊತ್ತಲ್ಲ, ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ. ಚಂದಕ್ಕೆ ಅಂತ ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು ತರಿಸ್ಬೇಡಿ, ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟೀಲಿದೆ, ಹುಲಿ ಜೊತೆಗೆ.

ಅದಕ್ಕೆ ಚಂದ ಬೇಡ, ಬಿಲ ಬೇಕು. ನಾಲ್ಕೈದು ಇಂಚು ಮರಳು ಹಾಕಿ, ಅದು ಪೂರ್ತಿ ಒಳಗೆ ಹೋಗಿ ತಿರುಗೋಷ್ಟು ಅಗಲದ ಪಿವಿಸಿ ಪೈಪು ಎರಡೂ ಬಾಯಿ ಮೇಲೆ ಬರೋ ಹಾಗೆ ಹೂತಿಡಿ. ಬಿಲ ಇಲ್ಲದ ಟ್ಯಾಂಕಲ್ಲಿ ಅದು ಮೂಲೆ ಹಿಡಿದು ಸೊರಗತ್ತೆ. ಬಿಲ ಸಿಕ್ಕಿದ ಮೇಲೆ ನೋಡ್ಬೇಕು, ಪೈಪಿನ ಬಾಯಲ್ಲಿ ಎರಡು ಕಣ್ಣು ಮಾತ್ರ, ಒಂದು ನಿಮ್ಮನ್ನ ನೋಡ್ತಿದ್ರೆ ಇನ್ನೊಂದು ಫಿಲ್ಟರ್ ಕಡೆ ತಿರುಗಿರತ್ತೆ. ಜೊತೆಗೆ ಮೀನು ಬಿಡ್ತೀನಿ ಅಂದ್ರೆ ಬಿಡಿ, ಊಟ ಆಗತ್ತೆ ಅಷ್ಟೇ. ಎರಡು ದಿನಕ್ಕೊಮ್ಮೆ ಶೆಟ್ಲಿ ತುಂಡನ್ನ ಉದ್ದ ಕಡ್ಡಿಗೆ ಸಿಕ್ಕಿಸಿ ಕೊಡಿ.

ಒಂದು ದಿನ ಬಿಲದ ಬಾಯಿ ಮರಳಿಂದ ಮುಚ್ಚಿರತ್ತೆ, ಕೊಟ್ಟಿದ್ದು ಹಾಗೇ ಬಿದ್ದಿರತ್ತೆ. ಸತ್ತೋಯ್ತು ಅಂತ ನಾನು ಪೈಪ್ ಎತ್ತೋಕೆ ಹೋಗಿದ್ದೆ. ಅದು ಪೊರೆ ಬಿಡ್ತಿರತ್ತೆ, ಆಗ ಮೈಯೆಲ್ಲ ಮೆತ್ತಗೆ, ಮುಟ್ಟಿದ್ರೆ ಹೋಯ್ತು. ಒಂದು ವಾರವಾದ್ರೂ ಕೈ ಕಟ್ಕೊಂಡು ಕೂತ್ಕೊಳ್ಳಿ. ನಾರ್ತಾ ಇದ್ರೆ ಮಾತ್ರ ಎತ್ತಿ.